ಗೋಲು ಬಿಟ್ಟುಕೊಟ್ಟವರು ಮೈದಾನದ ಹೊರಗಿದ್ದರು

2022ರ ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತದ ಹದಿನೇಳು ವರ್ಷದೊಳಗಿನ ಹುಡುಗಿಯರು ವಿಶ್ವಕಪ್ ಫುಟ್‌ಬಾಲ್‌ನ ತಮ್ಮ ಮೊದಲ ಪಂದ್ಯ ಆಡಿದರು. ಎದುರಾಳಿ ಅಮೆರಿಕ, ಫಲಿತಾಂಶ 0–8. ಮೂರು ದಿನ ಬಿಟ್ಟು ಮೊರಾಕೊ ಎದುರು 0–3. ಮತ್ತೆ ಮೂರು ದಿನ ಬಿಟ್ಟು ಬ್ರೆಜಿಲ್ ಎದುರು 0–5. ಒಟ್ಟು 16 ಗೋಲು ಬಿಟ್ಟುಕೊಟ್ಟ ಆತಿಥೇಯರಿಗೆ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. ತಂಡದ ನಾಯಕಿ ಜಾರ್ಖಂಡ್‌ನ ಅಷ್ಟಮ್ ಉರಾಂವ್. ಆಕೆ ಆಡುವುದು ಡಿಫೆನ್ಸ್‌ನಲ್ಲಿ. ಗೋಲು ಬಿದ್ದಾಗ ಟೀವಿ ಕ್ಯಾಮೆರಾ ಮೊದಲು ಹುಡುಕುವ ಮುಖ ಅಲ್ಲಿರುವವರದ್ದೇ.

ಅದೇ ವಾರ ಗುಮ್ಲಾ ಜಿಲ್ಲೆಯ ಬಿಶುನ್‌ಪುರ ಬ್ಲಾಕ್‌ನಿಂದ ಇನ್ನೊಂದು ಸುದ್ದಿ ಬಂತು. ವಿಶ್ವಕಪ್ ನಾಯಕಿಯ ಗೌರವಾರ್ಥ ಆಕೆಯ ಹಳ್ಳಿ ಗೋರಾಟೋಲಿಗೆ ಜಿಲ್ಲಾಡಳಿತ ರಸ್ತೆ ಮಾಡಿಸುತ್ತಿತ್ತು. ರಸ್ತೆಗೆ ಆಕೆಯದೇ ಹೆಸರು. ಅಲ್ಲಿ ಮಣ್ಣು ಹೊರುತ್ತಿದ್ದ ಕೂಲಿಗಳಲ್ಲಿ ಆಕೆಯ ಅಪ್ಪ ಅಮ್ಮನೂ ಇದ್ದರು. ವರದಿಯಾದಂತೆ ಕೂಲಿ ದಿನಕ್ಕೆ 250 ರೂಪಾಯಿ. ಮಗಳು ಆಡುವುದನ್ನು ನೋಡಲು ಮನೆಯಲ್ಲಿ ಟೀವಿ ಇರಲಿಲ್ಲ. ಪಂದ್ಯದ ಹೊತ್ತಿಗೆ ಅಧಿಕಾರಿಗಳು ಒಂದು ಟೀವಿ ತಂದು ಕೂರಿಸಿದರು. ದೇಶದ ಮಾಧ್ಯಮಗಳಿಗೆ ಇದು 'ಸ್ಫೂರ್ತಿಯ ಕಥೆ'ಯಾಗಿ ಕಂಡಿತು. ಹೆತ್ತವರ ಶ್ರಮ, ಮಗಳ ಛಲ, ಆಡಳಿತದ ಔದಾರ್ಯ ಎಲ್ಲವನ್ನೂ ಕೊಂಡಾಡಿದ್ದಾಯಿತು. ಭಾರತ ತಂಡದ ನಾಯಕಿಯ ತಂದೆ ತಾಯಿ ಅಂದಿನ ಕೂಲಿಗೆ ಹೋಗದಿದ್ದರೆ ಅಂದಿನ ಅಡುಗೆಗೆ ಏನು ಗತಿ ಎಂದು ಕೇಳಿದವರು ಕಡಿಮೆ.

ಈ ಅಗ್ರಲೇಖನದ ತೀರ್ಪನ್ನು ಆರಂಭದಲ್ಲೇ ಹೇಳಿಬಿಡುತ್ತೇವೆ. ಅಷ್ಟಮ್ ಉರಾಂವ್ ಅಂತರರಾಷ್ಟ್ರೀಯ ಮೈದಾನ ತಲುಪಿದ್ದು ಭಾರತದ ಫುಟ್‌ಬಾಲ್ ವ್ಯವಸ್ಥೆಯ ಸಾಧನೆ ಅಲ್ಲ. ಆ ವ್ಯವಸ್ಥೆಯನ್ನು ದಾಟಿಕೊಂಡು ಆಕೆ ಮಾಡಿದ ಸಾಧನೆ. ಆ 16 ಗೋಲುಗಳು ಮಾತ್ರ ಪೂರ್ತಿಯಾಗಿ ವ್ಯವಸ್ಥೆಯ ಲೆಕ್ಕಕ್ಕೇ ಸೇರಬೇಕು.

ಇದು ಅನುಕಂಪದಿಂದ ಹೇಳುತ್ತಿರುವ ಮಾತಲ್ಲ, ಆಟದ ಒಳಗಿನ ಕಾರಣವಿದೆ. ಫಾರ್ವರ್ಡ್ ಆಟಗಾರ್ತಿ ಹುಟ್ಟು ಪ್ರತಿಭೆಯಿಂದಲೇ ಒಂದಷ್ಟು ದೂರ ಹೋಗಬಲ್ಲಳು. ಕಾಲಲ್ಲಿ ವೇಗವಿದ್ದರೆ, ಚೆಂಡಿನ ಮೇಲೆ ಹಿಡಿತವಿದ್ದರೆ ಒಂದು ಪಂದ್ಯದಲ್ಲಿ ಒಂದು ಮಿಂಚು ಸಾಕು, ಹೆಸರು ಉಳಿಯುತ್ತದೆ. ಡಿಫೆಂಡರ್‌ಗೆ ಆ ಅನುಕೂಲವಿಲ್ಲ. ನಾಲ್ವರು ಬ್ಯಾಕ್‌ಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಎದುರಾಳಿಯ ಕಾಲಿನಿಂದ ಪಾಸ್ ಹೊರಡುವ ಮುನ್ನ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮೇಲೆ ಬಂದರೆ ಫಾರ್ವರ್ಡ್ ಆಫ್‌ಸೈಡ್. ಒಬ್ಬಳು ಅರೆಕ್ಷಣ ಹಿಂದುಳಿದರೂ ಗೋಲ್‌ಕೀಪರ್ ಒಂಟಿ. ಎಡ ಬ್ಯಾಕ್ ಚೆಂಡಿನ ಮೇಲೆ ನುಗ್ಗಿದಾಗ ಅವಳು ಬಿಟ್ಟ ಜಾಗಕ್ಕೆ ಪಕ್ಕದವಳು ಸರಿಯಬೇಕು, ಅವಳ ಜಾಗಕ್ಕೆ ಮತ್ತೊಬ್ಬಳು. ಇದನ್ನೆಲ್ಲ ಕೂಗಿ ಹೇಳಿಕೊಳ್ಳಲು ಸಮಯವಿರುವುದಿಲ್ಲ. ಪಕ್ಕದವಳ ಭುಜ ತಿರುಗಿದ ರೀತಿ ನೋಡಿಯೇ ತಿಳಿಯಬೇಕು. ಈ ಹೊಂದಾಣಿಕೆ ಶಿಬಿರದ ಡ್ರಿಲ್‌ನಲ್ಲಿ ಅರ್ಧ ಬಂದರೆ, ಉಳಿದರ್ಧ ಬರುವುದು ಬಲವಾದ ಎದುರಾಳಿಯ ವಿರುದ್ಧ ಆಡಿದ ಪಂದ್ಯಗಳಲ್ಲಿ, ತಪ್ಪು ಮಾಡಿ, ಗೋಲು ತಿಂದು, ಮುಂದಿನ ವಾರ ಅದೇ ಮೂವರ ಜೊತೆ ಮತ್ತೆ ಆಡಿದಾಗ.

ಹೀಗಾಗಿ ಒಂದು ದೇಶದ ಹುಡುಗಿಯರ ಡಿಫೆನ್ಸ್ ನೋಡಿದರೆ ಆ ದೇಶ ಅವರಿಗೆ ಎಷ್ಟು ಪಂದ್ಯ ಕೊಟ್ಟಿದೆ, ಎಷ್ಟು ವರ್ಷ ಒಟ್ಟಿಗೆ ಇಟ್ಟಿದೆ ಎಂಬುದು ಗೊತ್ತಾಗಿಬಿಡುತ್ತದೆ. ಅಮೆರಿಕದ ಹುಡುಗಿಯರು ಮಧ್ಯಂತರಕ್ಕೆ ಮುನ್ನವೇ ಐದು ಗೋಲು ಹೊಡೆದಾಗ ಬಯಲಾದದ್ದು ನಮ್ಮ ಹುಡುಗಿಯರ ಕಾಲಿನ ದುರ್ಬಲತೆಯಲ್ಲ, ನಮ್ಮ ಕ್ಯಾಲೆಂಡರ್‌ನ ಖಾಲಿತನ.

ಅಷ್ಟಮ್ ಬಂದ ದಾರಿ ನೋಡಿ. ಜಾರ್ಖಂಡ್‌ನ ಛೋಟಾ ನಾಗಪುರ ಪ್ರಸ್ಥಭೂಮಿ ಆದಿವಾಸಿಗಳ ನಾಡು. ಉರಾಂವ್ ಸಮುದಾಯದ ಭಾಷೆ ಕುಡುಖ್ ನಮ್ಮ ಕನ್ನಡದಂತೆಯೇ ದ್ರಾವಿಡ ಕುಟುಂಬದ್ದು ಎಂಬುದನ್ನು ಕನ್ನಡಿಗರು ಅಪರೂಪಕ್ಕೆ ನೆನೆಯುತ್ತಾರೆ. ಅಲ್ಲಿ ಹಾಕಿ, ಫುಟ್‌ಬಾಲ್ ಎರಡೂ ಹಳ್ಳಿಯ ಆಟಗಳು. ಊರೂರಿಗೆ ನಡೆಯುವ 'ಖಸ್ಸಿ' ಟೂರ್ನಿಗಳಲ್ಲಿ ಗೆದ್ದ ತಂಡಕ್ಕೆ ಸಿಗುವುದು ಕಪ್ ಅಲ್ಲ, ಆಡು. ಗೆದ್ದವರು ಅಂದೇ ರಾತ್ರಿ ಅಡುಗೆ ಮಾಡಿ ಹಂಚಿಕೊಳ್ಳುತ್ತಾರೆ. ಬರಿಗಾಲಲ್ಲಿ, ಇಳಿಜಾರು ಗದ್ದೆ ಬಯಲಲ್ಲಿ ಆಡಿ ಗಟ್ಟಿಯಾದ ಮಕ್ಕಳನ್ನು ಯಾರಾದರೂ ಕೋಚ್ ಗುರುತಿಸಿದರೆ ಹಜಾರಿಬಾಗ್‌ನಂಥ ಊರಿನ ವಸತಿ ತರಬೇತಿ ಕೇಂದ್ರಕ್ಕೆ ಸೇರಿಸುತ್ತಾರೆ. ಅಷ್ಟಮ್ ಹೋದದ್ದೂ ಅಲ್ಲಿಗೇ. ಅಲ್ಲಿ ಮೊದಲ ಬಾರಿಗೆ ದಿನಕ್ಕೆ ಮೂರು ಹೊತ್ತು ಊಟ, ಬೂಟು, ಸಮತಟ್ಟು ಮೈದಾನ. ಅಲ್ಲಿಂದ ರಾಜ್ಯ ತಂಡ, ಅಲ್ಲಿಂದ ರಾಷ್ಟ್ರೀಯ ಶಿಬಿರ. 2022ರ ವಿಶ್ವಕಪ್ ತಂಡದಲ್ಲಿ ಜಾರ್ಖಂಡ್ ಒಂದರಿಂದಲೇ ಆರು ಹುಡುಗಿಯರಿದ್ದರು.

ಇಷ್ಟರ ಮಟ್ಟಿಗೆ ಜಾರ್ಖಂಡ್ ಸರ್ಕಾರದ ವಸತಿ ಕೇಂದ್ರಗಳಿಗೆ ಮೆಚ್ಚುಗೆ ಸಲ್ಲಬೇಕು, ಸಲ್ಲಿಸುತ್ತೇವೆ. ಆದರೆ ಅದೇ ರಾಜ್ಯದ ಧನ್‌ಬಾದ್ ಜಿಲ್ಲೆಯಲ್ಲಿ, ಕಿರಿಯರ ವಿಭಾಗದಲ್ಲಿ ಭೂತಾನ್ ಮತ್ತು ಥಾಯ್ಲೆಂಡ್‌ಗೆ ಹೋಗಿ ಭಾರತದ ಪರ ಆಡಿ ಬಂದಿದ್ದ ಆಟಗಾರ್ತಿಯೊಬ್ಬಳು 2021ರಲ್ಲಿ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದಳು. ರಾಷ್ಟ್ರೀಯ ಮಹಿಳಾ ಆಯೋಗ ರಾಜ್ಯ ಸರ್ಕಾರಕ್ಕೂ ಫುಟ್‌ಬಾಲ್ ಫೆಡರೇಷನ್‌ಗೂ ಪತ್ರ ಬರೆದ ಮೇಲೆ ಕೇಂದ್ರ ಕ್ರೀಡಾ ಸಚಿವರು ನೆರವು ಘೋಷಿಸಿದರು. ಪತ್ರಿಕೆಯಲ್ಲಿ ಚಿತ್ರ ಬಂದವಳಿಗೆ ನೆರವು ಸಿಕ್ಕಿತು. ಚಿತ್ರ ಬಾರದವರು ಎಷ್ಟು ಜನ, ಎಲ್ಲಿದ್ದಾರೆ? ಅವರ ಪಟ್ಟಿ ಇಟ್ಟುಕೊಳ್ಳಬೇಕಾದದ್ದು ಯಾರ ಕೆಲಸ?

ಈಗ ಫೆಡರೇಷನ್ ವಿಚಾರಕ್ಕೆ ಬರೋಣ. ಹದಿನೇಳರೊಳಗಿನವರ ಈ ವಿಶ್ವಕಪ್ ಭಾರತಕ್ಕೆ ಮೊದಲು ಸಿಕ್ಕಿದ್ದು 2020ಕ್ಕೆ. ಕೋವಿಡ್‌ನಿಂದ ಮುಂದೂಡಿ, ಕಡೆಗೆ ಆ ವರ್ಷದ ನವೆಂಬರ್‌ನಲ್ಲಿ ಫಿಫಾ ರದ್ದು ಮಾಡಿತು, 2022ರ ಆತಿಥ್ಯ ಕೊಟ್ಟಿತು. ಸಂಘಟಕರಿಗೆ ಇದು ದಿನಾಂಕದ ಬದಲಾವಣೆ ಅಷ್ಟೇ. ಆದರೆ ವಯಸ್ಸಿನ ಮಿತಿಯ ಟೂರ್ನಿಯಲ್ಲಿ ಎರಡು ವರ್ಷ ಎಂದರೆ ಒಂದು ಇಡೀ ತಂಡ. 2003, 2004ರಲ್ಲಿ ಹುಟ್ಟಿ, ಶಾಲೆ ಬಿಟ್ಟು, ಶಿಬಿರದಲ್ಲಿ ಬೆವರು ಸುರಿಸಿದ ಹುಡುಗಿಯರಿಗೆ ವಯಸ್ಸು ಮೀರಿತ್ತು. ಕೋವಿಡ್ ಯಾರ ತಪ್ಪೂ ಅಲ್ಲ, ನಿಜ. ಆ ಹುಡುಗಿಯರ ಮುಂದಿನ ದಾರಿ ಏನೆಂದು ಯೋಚಿಸದೆ ಹೊಸ ಪಟ್ಟಿ ಬರೆಯಲು ಕೂತದ್ದು ಮಾತ್ರ ಕೋವಿಡ್ ಮಾಡಿದ ಕೆಲಸ ಅಲ್ಲ. ಅದೇ 2020–21ರಲ್ಲಿ ಗಂಡಸರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೋವಾದಲ್ಲಿ ಬಯೋ ಬಬಲ್ ಕಟ್ಟಿಕೊಂಡು ಪೂರ್ತಿ ನಡೆಯಿತು. ಮಹಿಳೆಯರ ರಾಷ್ಟ್ರೀಯ ಲೀಗ್ ನಡೆಯಲೇ ಇಲ್ಲ. ಬಬಲ್ ಕಟ್ಟುವ ವಿದ್ಯೆ ಫೆಡರೇಷನ್‌ಗೆ ಗೊತ್ತಿತ್ತು. ಯಾರಿಗಾಗಿ ಕಟ್ಟಬೇಕು ಎಂಬುದನ್ನೂ ಅದು ಅಷ್ಟೇ ಸ್ಪಷ್ಟವಾಗಿ ತೀರ್ಮಾನಿಸಿತ್ತು.

2022ರ ಜನವರಿಯಲ್ಲಿ ಹಿರಿಯ ಮಹಿಳೆಯರ ಏಷ್ಯಾ ಕಪ್‌ಗೆ ಭಾರತವೇ ಆತಿಥೇಯ. ಇರಾನ್ ಜೊತೆ 0–0 ಡ್ರಾ ಆಯಿತು. ಎರಡನೇ ಪಂದ್ಯದ ಹೊತ್ತಿಗೆ ತಂಡದ ಶಿಬಿರದೊಳಗೆ ಸೋಂಕು ಹರಡಿ, ಮೈದಾನಕ್ಕಿಳಿಯಲು ಬೇಕಾದಷ್ಟು ಆಟಗಾರ್ತಿಯರೇ ಉಳಿಯಲಿಲ್ಲ. ಭಾರತ ಟೂರ್ನಿಯಿಂದ ಹೊರಬಿತ್ತು, ಆಡಿದ ಒಂದು ಪಂದ್ಯದ ಫಲಿತಾಂಶವೂ ಅಳಿಸಿಹೋಯಿತು. 2023ರ ವಿಶ್ವಕಪ್‌ಗೆ ಹೋಗುವ ಬಾಗಿಲು ಅಲ್ಲೇ ಮುಚ್ಚಿತು. ಬಬಲ್ ಒಡೆದದ್ದು ಹೇಗೆ ಎಂಬ ಬಗ್ಗೆ ಹೇಳಿಕೆಗಳು ಹಾರಾಡಿದವು, ಹೊಣೆ ಹೊತ್ತವರು ಇಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫೆಡರೇಷನ್‌ನ ಆಡಳಿತವನ್ನು ಕಿತ್ತು ಮೂವರ ಸಮಿತಿಯ ಕೈಗೆ ಕೊಟ್ಟಿತು. ಅಧ್ಯಕ್ಷ ಪ್ರಫುಲ್ ಪಟೇಲ್ ಅವರ ಅವಧಿ 2020ರ ಡಿಸೆಂಬರ್‌ನಲ್ಲೇ ಮುಗಿದಿದ್ದರೂ ಚುನಾವಣೆ ನಡೆದಿರಲಿಲ್ಲ. ಆಗಸ್ಟ್ ಮಧ್ಯದಲ್ಲಿ, ಮೂರನೆಯವರ ಹಸ್ತಕ್ಷೇಪದ ಕಾರಣ ಕೊಟ್ಟು ಫಿಫಾ ಭಾರತವನ್ನು ಅಮಾನತು ಮಾಡಿತು. ಹುಡುಗಿಯರ ವಿಶ್ವಕಪ್‌ಗೆ ಎರಡು ತಿಂಗಳಷ್ಟೇ ಬಾಕಿ. ಅಮಾನತು ತೆರವಾಗಲು ಹತ್ತಕ್ಕೂ ಹೆಚ್ಚು ದಿನಗಳೇ ಬೇಕಾದವು. ಕುರ್ಚಿ ಬಿಡಲೊಲ್ಲದ ಹಿರಿಯರ ಜಗಳದಲ್ಲಿ ಶಿಬಿರದ ಹುಡುಗಿಯರು ತಾವು ಆಡುತ್ತೇವೋ ಇಲ್ಲವೋ ಎಂದು ತಿಳಿಯದೆ ಅಭ್ಯಾಸ ಮಾಡಿದರು.

ತಾಷ್ಕೆಂಟ್‌ಗೆ ಹೋದವರ ಕಥೆ ಇನ್ನೂ ಕ್ರೂರ. ರಾಷ್ಟ್ರೀಯ ಲೀಗ್ ಗೆದ್ದಿದ್ದ ಗೋಕುಲಂ ಕೇರಳ ತಂಡ ಏಷ್ಯಾದ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಉಜ್ಬೇಕಿಸ್ತಾನದಲ್ಲಿ ಇಳಿದ ಹೊತ್ತಿಗೇ ಅಮಾನತಿನ ಸುದ್ದಿ ಬಂತು. ಆ ತಂಡದ ಡಿಫೆನ್ಸ್‌ನ ಬೆನ್ನೆಲುಬು ಮಣಿಪುರದ ಆಶಾಲತಾ ದೇವಿ, ಭಾರತ ತಂಡದ ನಾಯಕಿಯೂ ಆಗಿದ್ದವರು. ಆಟಗಾರ್ತಿಯರು ಪ್ರಧಾನಿಯವರಿಗೆ ಮೊರೆಯಿಟ್ಟರು. ಹೋಟೆಲ್‌ನಲ್ಲಿ ಕಾದರು. ಒಂದು ಪಂದ್ಯವನ್ನೂ ಆಡದೆ ಮರಳಿದರು. ವರ್ಷವಿಡೀ ಗೆದ್ದು ಸಂಪಾದಿಸಿದ ಹಕ್ಕು ಅದು, ಯಾರೂ ದಾನ ಕೊಟ್ಟದ್ದಲ್ಲ. ಅದನ್ನು ಕಳೆದವರಲ್ಲಿ ಒಬ್ಬರಾದರೂ ಅವರ ಎದುರು ನಿಂತು ಕ್ಷಮೆ ಕೇಳಿದ್ದು ನಮ್ಮ ಗಮನಕ್ಕೆ ಬಂದಿಲ್ಲ.

ಗಂಡಸರ ತಪ್ಪಿಗೆ ಹೆಂಗಸರ ತಂಡ ದಂಡ ತೆರುವುದು ಇದೇ ಮೊದಲೂ ಅಲ್ಲ, ಕೊನೆಯೂ ಆಗಲಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಪ್ಲೇಆಫ್ ನಡೆಯುತ್ತಿತ್ತು. ಬೆಂಗಳೂರು ತಂಡದ ಸುನಿಲ್ ಛೆಟ್ರಿ ಚಕ್ಕನೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ಕೆಲವೇ ತಿಂಗಳಲ್ಲಿ ಕ್ಲಬ್ ಆ ದಂಡದ ಹೊರೆಯನ್ನೇ ಕಾರಣವಾಗಿ ಹೇಳಿ ತನ್ನ ಮಹಿಳಾ ತಂಡವನ್ನು 'ತಾತ್ಕಾಲಿಕವಾಗಿ' ನಿಲ್ಲಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಹುಡುಕಬೇಕಿಲ್ಲ. ತಂಡ ಕಟ್ಟಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಮೈದಾನ ಬಿಟ್ಟು ಹೋಗಲು ಆದೇಶಿಸಿದವರು ಆ ಹುಡುಗಿಯರಲ್ಲ, ಆ ಸಂಜೆ ಅವರು ಕಂಠೀರವದಲ್ಲಿ ಆಡಿಯೂ ಇರಲಿಲ್ಲ. ದಂಡ ಹಾಕಿದ ಫೆಡರೇಷನ್‌ಗೆ 'ಈ ಹಣವನ್ನು ಮಹಿಳಾ ತಂಡದ ಬಾಬ್ತಿನಿಂದ ಕಡಿತ ಮಾಡಕೂಡದು' ಎಂದು ಒಂದು ಸಾಲು ಬರೆಯುವ ಅಧಿಕಾರ ಇರಲಿಲ್ಲವೇ? ಇತ್ತು. ಬರೆಯಲು ಹೊಳೆಯಲಿಲ್ಲ. ಹೊಳೆಯದಿರುವುದೇ ರೋಗ.

ಸುರಕ್ಷತೆಯ ವಿಚಾರದಲ್ಲಂತೂ ಮಾತು ಮೆತ್ತಗೆ ಮಾಡಲು ಸಾಧ್ಯವಿಲ್ಲ. ವಿಶ್ವಕಪ್‌ಗೆ ಕೆಲವೇ ತಿಂಗಳಿರುವಾಗ, ಹದಿನೇಳರೊಳಗಿನ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ, ಸಹಾಯಕ ಕೋಚ್ ಒಬ್ಬರನ್ನು ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ವಾಪಸ್ ಕರೆಸಿ ವಜಾ ಮಾಡಲಾಯಿತು. ಆ ವಯಸ್ಸಿನ ಮಕ್ಕಳು ಹೆತ್ತವರಿಂದ ಸಾವಿರಾರು ಮೈಲಿ ದೂರದಲ್ಲಿ ನಂಬಿಕೊಂಡದ್ದು ಕೋಚ್‌ಗಳನ್ನೇ. 2024ರ ಮಾರ್ಚ್‌ನಲ್ಲಿ ಗೋವಾದಲ್ಲಿ ಎರಡನೇ ಹಂತದ ಮಹಿಳಾ ಲೀಗ್ ನಡೆಯುತ್ತಿತ್ತು. ಊಟ ತಪ್ಪಿದ್ದರಿಂದ ರಾತ್ರಿ ಕೊಠಡಿಯಲ್ಲಿ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದಾಗ ಫೆಡರೇಷನ್ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ಒಳನುಗ್ಗಿ ಹಲ್ಲೆ ಮಾಡಿದರೆಂದು ಹಿಮಾಚಲದ ಕ್ಲಬ್ ಒಂದರ ಇಬ್ಬರು ಆಟಗಾರ್ತಿಯರು ದೂರು ಕೊಟ್ಟರು. ಪೊಲೀಸರು ಬಂಧಿಸಿದರು, ಫೆಡರೇಷನ್ ಅಮಾನತು ಮಾಡಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯ ನೋಡಿಕೊಳ್ಳಲಿ. ನಮ್ಮ ಪ್ರಶ್ನೆ ಬೇರೆ: ದೇಶದ ಲೀಗ್ ಆಡಲು ಬಂದ ಹುಡುಗಿ ರಾತ್ರಿ ಹಸಿದು ಮೊಟ್ಟೆ ಬೇಯಿಸಿಕೊಳ್ಳಬೇಕಾದ ಏರ್ಪಾಡು ಎಂಥದ್ದು? ಅವಳ ಕೊಠಡಿಯ ಬಾಗಿಲಲ್ಲಿ ಯಾವ ಹಕ್ಕಿನಿಂದ ಯಾರು ನಿಲ್ಲಬಹುದು, ಯಾರು ನಿಲ್ಲಬಾರದು ಎಂದು ಹೇಳುವ ಹೆಣ್ಣು ಅಧಿಕಾರಿ ಆ ಟೂರ್ನಿಯಲ್ಲಿ ಎಲ್ಲಿದ್ದರು?

ಇಲ್ಲಿ ಒಂದು ಸಮಾಧಾನ ಕೇಳಿಬರುತ್ತದೆ: 'ನಮ್ಮಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಈಗಷ್ಟೇ ಅಂಬೆಗಾಲಿಡುತ್ತಿದೆ, ಸ್ವಲ್ಪ ತಾಳಿ.' ಇದು ಸುಳ್ಳು. 1975ರಲ್ಲೇ ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಸಂಸ್ಥೆ ಹುಟ್ಟಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಭಾರತ ಎರಡು ಸಲ ಏಷ್ಯಾದ ರನ್ನರ್ಸ್ ಅಪ್. ಒಂದು ಸಲವಂತೂ ಪಕ್ಕದ ಕೋಳಿಕ್ಕೋಡ್‌ನಲ್ಲೇ. ಅಂಬೆಗಾಲಿನ ಮಗು ಆಗಲೇ ಓಡುತ್ತಿತ್ತು. ಮಹಿಳಾ ಆಟ ತೊಂಬತ್ತರ ದಶಕದ ಆರಂಭದಲ್ಲಿ ರಾಷ್ಟ್ರೀಯ ಫೆಡರೇಷನ್‌ನ ತೆಕ್ಕೆಗೆ ಬಂದ ಮೇಲೆ ಮುಂದೆ ಹೋಗಬೇಕಿತ್ತು, ಆದದ್ದು ತದ್ವಿರುದ್ಧ. 2009ರಲ್ಲಿ, ಒಂದೂವರೆ ವರ್ಷ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ಕಾರಣಕ್ಕೆ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಭಾರತದ ಮಹಿಳಾ ತಂಡದ ಹೆಸರು ಹೋಯಿತು. ಸೋತು ಕೆಳಗಿಳಿದದ್ದಲ್ಲ, ಆಡಿಸದೆ ಅಳಿಸಿದ್ದು. ಗಂಡಸರಿಗೆ ರಾಷ್ಟ್ರೀಯ ಲೀಗ್ 1996ರಲ್ಲಿ ಶುರುವಾದರೆ ಹೆಂಗಸರಿಗೆ ಬಂದದ್ದು 2017ರ ಜನವರಿಯಲ್ಲಿ. ಅದೂ ಹಲವು ವರ್ಷ ಒಂದೇ ಊರಿನಲ್ಲಿ ಕೆಲವು ವಾರ ಸೇರಿ ಆಡಿ ಚದುರುವ ಜಾತ್ರೆಯಂತಿತ್ತು. ತವರು ಮೈದಾನ, ಎದುರಾಳಿಯ ಮೈದಾನ ಎಂಬ ಸಾಮಾನ್ಯ ಪದ್ಧತಿ ಬಂದದ್ದು 2023–24ರಲ್ಲಿ.

2024–25ರಲ್ಲಿ ಲೀಗ್‌ನಲ್ಲಿದ್ದದ್ದು ಎಂಟು ತಂಡ. ಅಂದರೆ ಒಬ್ಬ ಡಿಫೆಂಡರ್‌ಗೆ ಇಡೀ ವರ್ಷಕ್ಕೆ 14 ಲೀಗ್ ಪಂದ್ಯ. ಇಂಗ್ಲೆಂಡ್‌ನ ಮಹಿಳಾ ಸೂಪರ್ ಲೀಗ್‌ನಲ್ಲಿ ಅದೇ ಋತುವಿನಲ್ಲಿ 22, ಅದರ ಮೇಲೆ ಎರಡು ಕಪ್ ಟೂರ್ನಿ, ಯುರೋಪಿನ ಪಂದ್ಯಗಳು. ಐಎಸ್‌ಎಲ್‌ನ ಶ್ರೀಮಂತ ಕ್ಲಬ್‌ಗಳಲ್ಲಿ ಈ ಎಂಟರೊಳಗಿದ್ದವು ಎರಡೇ, ಈಸ್ಟ್ ಬೆಂಗಾಲ್ ಮತ್ತು ಒಡಿಶಾ ಎಫ್‌ಸಿ. ಉಳಿದ ಭಾರ ಹೊತ್ತವು ಗೋಕುಲಂ, ಸೇತು, ಬೆಂಗಳೂರಿನ ಕಿಕ್‌ಸ್ಟಾರ್ಟ್‌ನಂಥ ಕ್ಲಬ್‌ಗಳು. ಕಿಕ್‌ಸ್ಟಾರ್ಟ್ 2023ರ ಮೇ ತಿಂಗಳಲ್ಲಿ ಲೀಗ್‌ನ ಫೈನಲ್‌ವರೆಗೂ ಹೋಗಿ ಗೋಕುಲಂಗೆ ಸೋತಿತು. ಕರ್ನಾಟಕದ ಕ್ಲಬ್ ಒಂದು ದೇಶದ ಎರಡನೇ ಸ್ಥಾನದಲ್ಲಿ ನಿಂತ ಆ ದಿನ ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಐಪಿಎಲ್ ಪ್ಲೇಆಫ್‌ನ ಲೆಕ್ಕಾಚಾರದಲ್ಲಿ ಊರು ಮುಳುಗಿತ್ತು. ಪ್ರೇಕ್ಷಕರನ್ನು ಬೈದು ಪ್ರಯೋಜನವಿಲ್ಲ ಬಿಡಿ. ತೋರಿಸದ ಆಟವನ್ನು ಯಾರು ನೋಡುತ್ತಾರೆ?

ಸಂಬಳದ ಮಾತು. 2023ರಲ್ಲಿ ಫೆಡರೇಷನ್ ಒಂದು ಒಳ್ಳೆಯ ನಿರ್ಧಾರ ಪ್ರಕಟಿಸಿತು: ಲೀಗ್‌ನ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಕರಾರು ಕೊಡಬೇಕು. ತಿಂಗಳಿಗೆ ಇಪ್ಪತ್ತಾರು ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ಕಾರು ಓಡಿಸುವವರು ಇದಕ್ಕಿಂತ ಹೆಚ್ಚು ದುಡಿಯಬಹುದು, ಆದರೂ ಶೂನ್ಯಕ್ಕಿಂತ ಇದು ಮೇಲು ಎಂದು ಒಪ್ಪುತ್ತೇವೆ. ಎಂಟು ತಂಡಕ್ಕೆ ಹತ್ತರಂತೆ ಎಣಿಸಿ: ನೂರನಲವತ್ತು ಕೋಟಿ ಜನರ ದೇಶದಲ್ಲಿ ಈ ಖಾತರಿ ಮುಟ್ಟುವುದು ಎಂಬತ್ತು ಹೆಣ್ಣುಮಕ್ಕಳಿಗೆ. ತಂಡದ ಹನ್ನೊಂದನೆಯವಳು, ಗಾಯಗೊಂಡು ಒಂದು ವರ್ಷ ಹೊರಗುಳಿದವಳು, ಎರಡನೇ ಹಂತದಲ್ಲಿ ಆಡುವವಳು ಯಾವ ಲೆಕ್ಕಕ್ಕೂ ಇಲ್ಲ. ಮುಖ್ಯವಾಗಿ ಹದಿನೇಳು ದಾಟಿ ವಯೋಮಿತಿಯ ತಂಡದಿಂದ ಹೊರಬಿದ್ದವಳು. ವಿಶ್ವಕಪ್ ಮುಗಿದ ದಿನ ಆಕೆಯ ಶಿಬಿರ ಮುಗಿಯುತ್ತದೆ, ಶಿಬಿರದ ಜೊತೆಗೇ ಮೊಟ್ಟೆ, ಹಾಲು, ಫಿಸಿಯೊ ಎಲ್ಲವೂ. ಮೊಣಕಾಲಿನ ಲಿಗಮೆಂಟ್ ಹರಿದರೆ ಹಳ್ಳಿಯಲ್ಲಿ ಎಂಆರ್‌ಐ ಮಾಡಿಸಿಕೊಡುವವರು ಯಾರು? ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತು. ಡಿಫೆಂಡರ್ ಆಡುವ ಜಾಗವಂತೂ ತಟ್ಟನೆ ತಿರುಗಿ ಓಡುವ, ಕಾಲು ಚಾಚಿ ಬೀಳುವ ಜಾಗ.

ವ್ಯವಸ್ಥೆ ಸರಿಯಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ನಮ್ಮಲ್ಲೇ ಇದೆ. 2025ರಲ್ಲಿ ಹಿರಿಯರ ತಂಡವನ್ನು ಕೋಚ್ ಕ್ರಿಸ್ಪಿನ್ ಛೆಟ್ರಿ ಅವರ ಕೈಗೆ ಕೊಟ್ಟು, ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕೇಂದ್ರದಲ್ಲಿ ವಾರಗಟ್ಟಲೆ ಒಟ್ಟಿಗೆ ಇಡಲಾಯಿತು. ಅದೇ ಊರಿನಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಅಭ್ಯಾಸ ಪಂದ್ಯ ಆಡಿಸಲಾಯಿತು. ನಂತರ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಟೂರ್ನಿ. ಮಂಗೋಲಿಯ ವಿರುದ್ಧ 13–0, ಟಿಮೋರ್ ಲೆಸ್ತೆ ವಿರುದ್ಧ 4–0, ಇರಾಕ್ ವಿರುದ್ಧ 5–0. ಕಡೆಗೆ ಜುಲೈ 5ರಂದು ರ‍್ಯಾಂಕಿಂಗ್‌ನಲ್ಲಿ ಎಷ್ಟೋ ಮೇಲಿದ್ದ ಥಾಯ್ಲೆಂಡ್ ಅನ್ನು ಅದರದೇ ನೆಲದಲ್ಲಿ 2–1ರಿಂದ ಮಣಿಸಿದರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್‌ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ ಗೆದ್ದು ಭಾರತದ ಮಹಿಳೆಯರು ಏಷ್ಯಾ ಕಪ್‌ಗೆ ಹೋದದ್ದು ಇದೇ ಮೊದಲು.

ಎಲ್ಲರೂ 24 ಗೋಲು ಹೊಡೆದದ್ದನ್ನು ಬರೆದರು. ನಮ್ಮ ಕಣ್ಣು ಇನ್ನೊಂದು ಅಂಕಿಯ ಮೇಲಿದೆ: ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ನಾಯಕಿ ಸ್ವೀಟಿ ದೇವಿ, ಮಣಿಪುರದವರು, ಡಿಫೆಂಡರ್. ಅದಕ್ಕೆ ಮೂರು ವರ್ಷದ ಹಿಂದೆ ಭುವನೇಶ್ವರದಲ್ಲಿ 16 ಗೋಲು ತಿಂದದ್ದೂ ಇದೇ ದೇಶದ ಡಿಫೆನ್ಸ್. ಎದುರಾಳಿಗಳ ಮಟ್ಟ ಬೇರೆ, ವಯಸ್ಸು ಬೇರೆ, ಹೋಲಿಕೆ ಅಚ್ಚುಕಟ್ಟಲ್ಲ ಎಂದು ಗೊತ್ತು. ಆದರೂ ಒಟ್ಟಿಗೆ ಇರಿಸಿ, ಉಣಿಸಿ, ಆಡಿಸಿದ ಹಿಂದಿನ ಸಾಲು ಥಾಯ್ಲೆಂಡ್ ಎದುರು ಕಡೆಯ ಹದಿನೈದು ನಿಮಿಷ ಮುನ್ನಡೆ ಕಾಯ್ದುಕೊಂಡದ್ದು ಅದೃಷ್ಟದಿಂದಲ್ಲ. ಅದೇ ವರ್ಷ ಇಪ್ಪತ್ತರೊಳಗಿನವರು ಯಾಂಗೋನ್‌ನಲ್ಲಿ ಮ್ಯಾನ್ಮಾರ್ ಅನ್ನು ಸೋಲಿಸಿ, ಹದಿನೇಳರೊಳಗಿನವರು ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನವನ್ನು ಸೋಲಿಸಿ ತಮ್ಮ ತಮ್ಮ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಗಂಡಸರ ಹಿರಿಯ ತಂಡ ಅದೇ ವರ್ಷ ತನ್ನ ಏಷ್ಯಾ ಕಪ್‌ನ ದಾರಿಯಲ್ಲಿ ಎಡವಿ ಬಿತ್ತು.

ಗೆದ್ದ ಕೂಡಲೇ ಫೆಡರೇಷನ್ ತಂಡಕ್ಕೆ 50,000 ಡಾಲರ್ ಬಹುಮಾನ ಘೋಷಿಸಿತು. ಬಹುಮಾನ ಬೇಡವೆನ್ನುವವರು ನಾವಲ್ಲ. ಆದರೆ ಬಹುಮಾನ ಗೆದ್ದ ಮೇಲೆ ಬರುವಂಥದ್ದು, ಸಂಬಳ ಗೆಲ್ಲುವ ಮುನ್ನ ಬೇಕಾದದ್ದು. ಹಳ್ಳಿಗೆ ರಸ್ತೆಯೂ ಹಾಗೆಯೇ. ಗೋರಾಟೋಲಿಯ ಜನರಿಗೆ ರಸ್ತೆ ಬೇಕಿತ್ತು. ಅದಕ್ಕಾಗಿ ಅವರ ಮಗಳೊಬ್ಬಳು ಭಾರತ ತಂಡದ ನಾಯಕಿಯಾಗುವವರೆಗೆ ಕಾಯಬೇಕಾದದ್ದು ಆಡಳಿತದ ಔದಾರ್ಯ ಹೇಗಾದೀತು? ಪಕ್ಕದ ಹಳ್ಳಿಯಲ್ಲಿ ಯಾರೂ ಫುಟ್‌ಬಾಲ್ ಆಡದಿದ್ದರೆ ಅವರಿಗೆ ಕೆಸರೇ ಗತಿಯೇ?

ಸಂಘಟಿತ ದೇಶಗಳಲ್ಲಿ ಡಿಫೆಂಡರ್ ಎಲ್ಲಿಯವರೆಗೆ ಹೋಗಬಲ್ಲಳು ಎಂಬುದನ್ನೂ ನೋಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇಥಿಯೋಪಿಯಾದಿಂದ ವಲಸೆ ಹೋದ ಕುಟುಂಬಗಳು ತಮ್ಮ ಮಕ್ಕಳಿಗಾಗಿ ನಡೆಸುತ್ತಿದ್ದ ಸಣ್ಣ ಫುಟ್‌ಬಾಲ್ ಬಳಗದಲ್ಲಿ ಆಡುತ್ತ ಬೆಳೆದ ನಯೋಮಿ ಗಿರ್ಮಾ, ಯುವ ಕ್ಲಬ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ವೃತ್ತಿಪರ ಲೀಗ್ ದಾಟಿ 2024ರ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದ ಹಿಂದಿನ ಸಾಲಿನ ಆಧಾರವಾದರು. 2025ರ ಜನವರಿಯಲ್ಲಿ ಚೆಲ್ಸಿ ಆಕೆಯನ್ನು ಕೊಂಡಾಗ ಮಹಿಳಾ ಫುಟ್‌ಬಾಲ್‌ನಲ್ಲಿ ಮೊದಲ ಬಾರಿ ವರ್ಗಾವಣೆ ಮೊತ್ತ ಹತ್ತು ಲಕ್ಷ ಡಾಲರ್ ದಾಟಿತು. ಅಲ್ಲಿಯೂ ಹಣವಿಲ್ಲದವರ ಮಕ್ಕಳಿಗೆ ಯುವ ಕ್ಲಬ್‌ಗಳ ಶುಲ್ಕ ದೊಡ್ಡ ಗೋಡೆಯೇ, ಅಮೆರಿಕವನ್ನು ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಮೆಟ್ಟಿಲಾದ ಮೇಲೆ ಇನ್ನೊಂದು ಮೆಟ್ಟಿಲು ಅಲ್ಲಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡೂ ಆಕೆ ಮರಳಿ ಬಂದದ್ದು ಅದರಿಂದಲೇ. ಗುಮ್ಲಾದಲ್ಲಿ ಎರಡನೇ ಮೆಟ್ಟಿಲಾದ ಮೇಲೆ ಪ್ರಪಾತ.

ಕಾರ್ಯಕ್ರಮ ಏನೆಂದು ಫೆಡರೇಷನ್‌ಗೆ ಹೊಸದಾಗಿ ಕಲಿಸಬೇಕಿಲ್ಲ. ಐಎಸ್‌ಎಲ್ ಆಡಲು ಬಯಸುವ ಪ್ರತಿ ಕ್ಲಬ್‌ಗೂ ಮಹಿಳಾ ತಂಡ ಕಡ್ಡಾಯ ಮಾಡಬೇಕು, ಅದನ್ನು 'ತಾತ್ಕಾಲಿಕವಾಗಿ' ನಿಲ್ಲಿಸಿದರೆ ಗಂಡಸರ ಪರವಾನಗಿಯೂ ಆ ದಿನವೇ ನಿಲ್ಲಬೇಕು. ಲೀಗ್ ಪಂದ್ಯಗಳು ಇಪ್ಪತ್ತಕ್ಕಿಂತ ಕಡಿಮೆ ಇರಕೂಡದು. ಭಾರತದ ಅಂಗಿ ತೊಟ್ಟ ಪ್ರತಿ ಹುಡುಗಿಗೆ ಇಪ್ಪತ್ತೊಂದು ತುಂಬುವವರೆಗೆ ತಿಂಗಳ ಭತ್ಯೆ, ಆರೋಗ್ಯ ವಿಮೆ, ಓದಿನ ಖರ್ಚು ಸಿಗಬೇಕು. ಹುಡುಗಿಯರ ತಂಡ ಎಲ್ಲಿಗೆ ಹೋದರೂ ಜೊತೆಗೆ ಅಧಿಕಾರವುಳ್ಳ ಹೆಣ್ಣು ಅಧಿಕಾರಿ ಇರಬೇಕು, ದೂರು ಕೇಳುವವರು ಫೆಡರೇಷನ್‌ನ ಹೊರಗಿನವರಾಗಿರಬೇಕು. ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. ದೇಶದ ತಂಡ ಬೆಂಗಳೂರಿನಲ್ಲಿ ತಯಾರಾಗುತ್ತದೆ, ನಮ್ಮ ಕ್ಲಬ್ ದೇಶದ ಫೈನಲ್ ಆಡುತ್ತದೆ, ಆದರೆ ರಾಯಚೂರಿನ, ಚಾಮರಾಜನಗರದ ಸರ್ಕಾರಿ ಶಾಲೆಯ ಹುಡುಗಿಗೆ ಫುಟ್‌ಬಾಲ್ ವಸತಿ ಕೇಂದ್ರದ ಬಾಗಿಲು ಎಲ್ಲಿದೆ ಎಂದು ಹೇಳುವವರಿಲ್ಲ. ಬಡ ರಾಜ್ಯವೆನಿಸಿಕೊಂಡ ಜಾರ್ಖಂಡ್ ಹಜಾರಿಬಾಗ್‌ನಲ್ಲಿ ಮಾಡಿದ್ದನ್ನು ಶ್ರೀಮಂತ ಕರ್ನಾಟಕ ಮಾಡಲಾರದು ಎಂದರೆ ನಂಬಲು ನಾವು ಸಿದ್ಧರಿಲ್ಲ.

ಇವೆಲ್ಲಕ್ಕೂ ಮೊದಲು, ನಯಾಪೈಸೆ ಖರ್ಚಿಲ್ಲದ ಒಂದು ಕೆಲಸವನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಾಡಲಿ. 2020ರ ರದ್ದಾದ ವಿಶ್ವಕಪ್‌ಗಾಗಿ ಮತ್ತು 2022ರ ವಿಶ್ವಕಪ್‌ಗಾಗಿ ರಾಷ್ಟ್ರೀಯ ಶಿಬಿರಕ್ಕೆ ಕರೆದ ಹುಡುಗಿಯರಲ್ಲಿ ಇಂದು ಎಷ್ಟು ಮಂದಿ ಆಡುತ್ತಿದ್ದಾರೆ, ಎಷ್ಟು ಮಂದಿ ಓದುತ್ತಿದ್ದಾರೆ, ಎಷ್ಟು ಮಂದಿ ಕೂಲಿಗೆ ಹೋಗುತ್ತಿದ್ದಾರೆ ಎಂಬ ಲೆಕ್ಕವನ್ನು ಮುಂದಿನ ಲೀಗ್ ಶುರುವಾಗುವ ಮುನ್ನ ಜನರ ಮುಂದಿಡಲಿ. ಆ ಲೆಕ್ಕ ಫೆಡರೇಷನ್ ಬಳಿ ಇಲ್ಲವೆಂದಾದರೆ, ಅಲ್ಲಿ ಕುರ್ಚಿ ಹಿಡಿದು ಕೂತವರು ರಾಜೀನಾಮೆ ಕೊಡಲು ಅದೊಂದೇ ಕಾರಣ ಸಾಕು.